ಕೆಂಪು ಲೈಟಿನ ಕಾವು

ಚಿಕೂನ್‌ಗುನ್ಯ ಜ್ವರವೇನೋ ಬಿಟ್ಟಿತ್ತು, ಬೆರಳು ಮಾತ್ರ ಮಡಚಲು ಬರುತ್ತಿರಲಿಲ್ಲ. ಬಸ್ ಕಂಡಕ್ಟರಿಗೆ ಬೆರಳೇ ಆಡದಿದ್ದರೆ ಟಿಕೆಟ್ ಮೆಷಿನ್ ಒತ್ತುವುದು ಹೇಗೆ? ಶಿರಾದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನನ್ನ ಕೈಗಳ ಕಡೆಗೆ ಕೆಂಪು ಲೈಟು ತಿರುಗಿಸಿ, "ಕಾವಿಗೆ ಸ್ವಲ್ಪ ಹಿತ ಅನ್ಸುತ್ತೆ, ಅಲ್ಲಾಡ್ಬೇಡಿ" ಎಂದು ಆಚೆ ಹೋದರು. ಸುಡುತ್ತಿದೆಯೋ ವಾಸಿಯಾಗುತ್ತಿದೆಯೋ ತಿಳಿಯದೆ ಬೆವರುತ್ತ ಕೂತೆ.

ಪಕ್ಕದಲ್ಲಿ ಮದಲೂರಿನ ಅಜ್ಜಿಯೊಬ್ಬರು ಮೊಣಕಾಲಿಗೆ ಅಂಥದೇ ಲೈಟು ಹಿಡಿಸಿಕೊಂಡು ಕೂತಿದ್ದರು.

"ಹೆದರ್ಕಬ್ಯಾಡ ಕಣಪ್ಪ. ನಮ್ ಫಾರಂನಾಗೂ ಕೋಳಿಮರಿಗೆ ಇಂಗೇ ಲೈಟ್ ಹಾಕ್ತೀವಿ."

"ಚೇತರಿಸ್ಕೊಳ್ತವಾ ಅಜ್ಜಿ?"

"ಊಂ. ಮೊದ್ಲು ಮುದುರ್ಕಂಡ್ ಬಿದ್ದಿರ್ತವೆ. ಕಾವು ಹತ್ತಿದ್ ಮ್ಯಾಲೆ ಎದ್ದು ಓಡಾಡ್ತವೆ."

ನನಗೆ ಹೋದ ಜೀವ ಬಂದಂತಾಯಿತು. "ಆಮೇಲೆ?"

"ಆಮ್ಯಾಲೇನು, ಮೈ ತುಂಬ್ಕಂಡೇಟ್ಗೆ ಗಾಡಿ ಹತ್ತಿಸಿ ಕಳಿಸ್ಬುಡ್ತೀವಿ."

ಬೆರಳು ಸಡಿಲವಾಗಲು ವಾರಗಳೇ ಹಿಡಿದವು. ಅದು ಲೈಟಿನಿಂದಲೋ, ತಾನಾಗಿಯೋ, ದೇವರೇ ಬಲ್ಲ. ಡಿಪೋಗೆ ಹೋದ ದಿನ ಮ್ಯಾನೇಜರು ಅಡಿಯಿಂದ ಮುಡಿಯವರೆಗೆ ನೋಡಿದರು.

"ಪರ್ವಾಗಿಲ್ವೇ, ಮೈ ತುಂಬ್ಕೊಂಡಿದ್ದೀಯ. ಹೋಗು, ಪಾವಗಡದ ಗಾಡಿ ಹತ್ತು."

ಹತ್ತುವ ಮುಂಚೆ, ಅದು ಬಸ್ಸೇ ಹೌದೋ ಅಲ್ಲವೋ ಎಂದು ಒಮ್ಮೆ ನೋಡಿಕೊಂಡೆ.