ಅಪ್ಪ ತಪ್ಪಿದ ಹದಿಮೂರು ಮಾತು

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಾಟಕದವರ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ಆದರೆ ಆ ನಾಟಕದವರು, ಅಂದರೆ ನಮ್ಮಪ್ಪ, ಎಷ್ಟು ಪ್ರಯೋಗ ಆಡಿದ್ದಾರೆ ಎಂದು ಕೇಳಿದರೆ ಉತ್ತರ ನನ್ನೊಬ್ಬಳ ಹತ್ತಿರ ಮಾತ್ರ ಇದೆ. ನಾನು ಈ ಲೆಕ್ಕ ಬರೆಯಲು ಶುರು ಮಾಡಿದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಆಗ ಒಂದು ವಾರಪತ್ರಿಕೆಯಲ್ಲಿ ಇಂಗ್ಲೆಂಡಿನ ಹಿರಿಯ ನಟರೊಬ್ಬರ ಬಗ್ಗೆ ಲೇಖನ ಬಂದಿತ್ತು. ಲೇಖನದ ಕೊನೆಗೆ ಎರಡು ಪಟ್ಟಿ. ಒಂದು ಕಡೆ ರಂಗದ ಮೇಲಿನ ಪಾತ್ರಗಳು, ಇನ್ನೊಂದು ಕಡೆ ಸಿನಿಮಾದವು, ವರ್ಷವಾರು. ಲೇಖನಕ್ಕಿಂತ ನನಗೆ ಆ ಪಟ್ಟಿಯೇ ಹಿಡಿಸಿತು. ನಮ್ಮಪ್ಪನಿಗೂ ಹೀಗೊಂದು ಇರಬೇಕು ಅನ್ನಿಸಿ, ಅಂದೇ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಹೊಡೆದೆ.

ಈಗ ನನಗೆ ಇಪ್ಪತ್ಮೂರು. ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೇನೆ. ಈ ಒಂಬತ್ತು ವರ್ಷದಲ್ಲಿ ರಂಗದ ಕಡೆ ನಾನೂರ ಹನ್ನೆರಡು ಪ್ರಯೋಗ ಬರೆದಿದ್ದೇನೆ, ಸಿನಿಮಾದ ಕಡೆ, ತೆರೆಗೆ ಬಂದವು ಐದು. ಐದೂ ಸಿನಿಮಾ ಸೇರಿಸಿದರೆ ಅಪ್ಪ ಪರದೆಯ ಮೇಲೆ ಕಾಣುವುದು ಹನ್ನೊಂದು ನಿಮಿಷ. ಚಿತ್ರದುರ್ಗದ ಟಾಕೀಸಿಗೆ ವಾಚು ಕಟ್ಟಿಕೊಂಡು ಹೋಗಿ ನಾನೇ ಎಣಿಸಿದ್ದು. ಎರಡು ಸಿನಿಮಾದಲ್ಲಿ ಸಾಯುತ್ತಾರೆ, ಒಂದರಲ್ಲಿ ಪೂಜಾರಿ, ಒಂದರಲ್ಲಿ ವಕೀಲ, ಇನ್ನೊಂದರಲ್ಲಿ ಬೆನ್ನು ಮಾತ್ರ ಕಾಣುತ್ತದೆ.

ನಾನು ಬರೆಯುವುದಕ್ಕೂ ಮೊದಲಿನದನ್ನು ಅಪ್ಪನೇ ಹೇಳಿ ಬರೆಸಿದ್ದಾರೆ. ಹತ್ತನೆಯ ವಯಸ್ಸಿನಲ್ಲಿ ಹೆಣ್ಣುಪಾತ್ರಕ್ಕೆಂದು ಕಂಪನಿ ಸೇರಿದರಂತೆ. ಮೀಸೆ ಬಂದ ಮೇಲೆ ನಾಯಕ, ಹೊಟ್ಟೆ ಬಂದ ಮೇಲೆ ಖಳನಾಯಕ, ಕೂದಲು ಹೋದ ಮೇಲೆ ಮುದಿ ರಾಜ. ಆ ಕಂಪನಿ ಮುಚ್ಚಿ ಬಹಳ ಕಾಲವಾಗಿದೆ. ಈಗ ಹಿರಿಯೂರಿಗೋ ಹೊಸದುರ್ಗಕ್ಕೋ ಬೇರೆ ಕಂಪನಿಗಳು ಬಂದು ಟೆಂಟು ಹಾಕಿದಾಗ, ಭಾನುವಾರದ ಮ್ಯಾಟಿನಿಗೆ ಅಪ್ಪನನ್ನು ವಿಶೇಷ ಪಾತ್ರಕ್ಕೆ ಕರೆಸುತ್ತಾರೆ. ಮುದಿ ರಾಜನ ಪಾತ್ರವೆಂದರೆ ಅಪ್ಪನದೇ. ಕಂಪನಿ ಹೋದರೂ ಅದರ ಒಂದು ಪದ್ಧತಿ ಅಪ್ಪನ ಜೊತೆ ಉಳಿದಿತ್ತು. ಹೊಸ ಊರಿನಲ್ಲಿ ಮೊದಲ ದಿನ ಮಾಲೀಕರು ತಾವೇ ಅತ್ತರಿನಲ್ಲಿ ಹತ್ತಿ ಅದ್ದಿ ಪ್ರತಿ ನಟನ ಬಲಗಿವಿಯ ಸಂದಿಗೆ ಸಿಕ್ಕಿಸುತ್ತಿದ್ದರಂತೆ. ಮಾಲೀಕರು ತೀರಿಕೊಂಡ ಮೇಲೆ ಅಪ್ಪ ಪ್ರತಿ ನಾಟಕಕ್ಕೂ ತಾವೇ ಸಿಕ್ಕಿಸಿಕೊಂಡು, ಅದರ ಮೇಲೆ ವಿಗ್ಗು, ವಿಗ್ಗಿನ ಮೇಲೆ ಕಿರೀಟ ಇಟ್ಟು ಹೊರಡುತ್ತಿದ್ದರು.

ಹೋದ ವರ್ಷ ಶ್ರಾವಣದಲ್ಲಿ ಹೊಸದುರ್ಗದ ಮ್ಯಾಟಿನಿ. ನಾನು ಮುಂದಿನ ಸಾಲಿನಲ್ಲಿದ್ದೆ. ಮೂರನೆಯ ಅಂಕದಲ್ಲಿ ರಾಜಕುಮಾರನ ವಿಚಾರಣೆ ನಡೆಯುತ್ತದೆ. ಮಂತ್ರಿ ಕೈಮುಗಿದು "ಪ್ರಭುಗಳೇ, ತೀರ್ಪು ತಮ್ಮದು" ಎನ್ನುತ್ತಾನೆ, ಅಪ್ಪ ಸಿಂಹಾಸನದಿಂದ ಏಳಬೇಕು. ಮಂತ್ರಿ ಅಂದ. ಅಪ್ಪ ಏಳಲಿಲ್ಲ. ಸುಮ್ಮನೆ ದೂರ ನೋಡುತ್ತ ಕೂತರು. ಮಂತ್ರಿ ಇನ್ನೊಂದು ಸಲ ಅಂದ. ಹಿಂದಿನ ಸಾಲಿನಿಂದ ಯಾರೋ "ರಾಜರು ನಿದ್ದೆ ಮಾಡ್ತಾವ್ರೆ ಕಣ್ರಲೇ, ಎಬ್ಸ್ರಿ!" ಎಂದು ಕೂಗಿದ. ಟೆಂಟಿಗೆ ಟೆಂಟೇ ನಕ್ಕಿತು. ಮಂತ್ರಿ ಬಂದು ಪಾದ ಮುಟ್ಟಿದಾಗ ಅಪ್ಪ ಬೆಚ್ಚಿ ಎದ್ದು ಮಾತು ಶುರು ಮಾಡಿದರು. ಶುರು ಮಾಡಿದ ಮೇಲೆ ನಲವತ್ತು ಸಾಲಿನಲ್ಲಿ ಒಂದಕ್ಷರವೂ ತಪ್ಪಲಿಲ್ಲ. ಆದರೆ ಅಂದು ಇಂಥದ್ದು ನಾಲ್ಕು ಸಲ ಆಯಿತು. ನಾನೂರು ಪ್ರಯೋಗದಲ್ಲಿ ನಾನು ಒಮ್ಮೆಯೂ ನೋಡಿರದದ್ದು.

ವಾಪಸು ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹಾರ್ಮೋನಿಯಂ ಮೇಷ್ಟ್ರು ನನ್ನ ಹಿಂದಿನ ಸೀಟಿನಲ್ಲಿದ್ದರು. ಕಂಪನಿಯ ಕಾಲದಿಂದ ಅಪ್ಪನ ಸ್ನೇಹಿತರು. ಅವರು ಬಗ್ಗಿ ಮೆಲ್ಲಗೆ ಹೇಳಿದರು:

"ಏನವ್ವಾ, ನಿಮ್ಮ ದೊಡ್ಡಪ್ಪಗೂ ಹಿಂಗೇ ಅಲ್ಲೇನು ಶುರುವಾಗಿದ್ದು?"

ನಾನು ಅಪ್ಪನ ಕಡೆ ನೋಡಿದೆ. ನನಗೂ ಅದೇ ಯೋಚನೆ ಬಂದಿತ್ತು. ದೊಡ್ಡಪ್ಪ ತಾಳ್ಯದಲ್ಲಿದ್ದರು. ಅರವತ್ತಕ್ಕೆ ಮರೆವು ಹಿಡಿಯಿತು. ಮೊದಲು ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಆಮೇಲೆ ಕುರಿಗಳ ಲೆಕ್ಕ ತಪ್ಪಿತು. ಕೊನೆಗೆ ಹೆಂಡತಿಯನ್ನೇ "ಯಾವೂರಮ್ಮ ನಿಂದು, ಯಾರ ಮನೆಗೆ ಬಂದೀಯ" ಎಂದು ಕೇಳುವ ಹಾಗಾಯಿತು. ಆ ಶ್ರಾವಣಕ್ಕೆ ಅಪ್ಪನಿಗೆ ಅರವತ್ತೊಂದು.

ಅದೇ ವಾರ ಸಿನಿಮಾದವರು ಮನೆಗೆ ಬಂದರು. ದೀಪಾವಳಿ ಕಳೆದ ಮೇಲೆ ಚಿತ್ರದುರ್ಗದ ಕೋಟೆಯಲ್ಲಿ ಶೂಟಿಂಗ್, ನಾಲ್ಕು ದಿನದ ಕೆಲಸ. ಬಾಗಿಲು ಕಾಯುವ ಮುದುಕನ ಪಾತ್ರ, ಎರಡು ಪುಟ ಮಾತಿದೆ. ಅಪ್ಪನಿಗೆ ಸಿಕ್ಕ ಅತಿ ದೊಡ್ಡ ಸಿನಿಮಾ ಪಾತ್ರ ಅದು. ಒಪ್ಪಿಗೆಯ ಪತ್ರ ಒಂದು ತಿಂಗಳೊಳಗೆ ತಲುಪಬೇಕು ಎಂದರು. ಅಪ್ಪನ ಪತ್ರಗಳನ್ನೆಲ್ಲ ಬರೆಯುವವಳು ನಾನೇ. ಅಪ್ಪ ಅಲ್ಲೇ ಕೂತು ಆ ಎರಡು ಪುಟ ಓದಿದರು. ಬಂದವರು ಕಾಫಿ ಕುಡಿದು ಏಳುವ ಹೊತ್ತಿಗೆ ಬಾಯಿಪಾಠವಾಗಿತ್ತು. ಆದರೂ ಅವ್ವ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದಳು.

"ಬ್ಯಾಡ ಅಂತ ಬರ್ದಾಕು. ಆರೋಗ್ಯ ಸರಿಯಿಲ್ಲ ಅಂತ ಬರಿ."

"ಅಪ್ಪಾಜಿ ಒಪ್ತಾರೇನವ್ವ?"

"ಅವರಿಗೆ ಯಾಕೆ ಹೇಳ್ತೀಯ? ಹೊಸದುರ್ಗದಾಗೆ ನಕ್ಕಂಗೆ ಕೋಟೆ ಮ್ಯಾಲೆ ಕುಂತು ನಗಬೇಕೇನು ಜನ? ನಿನ್ನೆ ಏನ್ ಗೊತ್ತಾ, ಸಾರು ಹಾಕ್ಲೇನ್ರಿ ಅಂತ ಕೇಳಿದ್ರೆ, ಹೂಂ, ನಾಳೆ ಹೋಗಾಣ ಅಂತಾರೆ!"

ನಾನು ಪತ್ರ ಬರೆದೆ. ಕವರಿನ ಮೇಲೆ ವಿಳಾಸವನ್ನೂ ಬರೆದೆ. ಆದರೆ ಡಬ್ಬಿಗೆ ಹಾಕಲಿಲ್ಲ, ನೋಟ್‌ಬುಕ್ಕಿನ ಕೊನೆಯ ಪುಟಗಳ ನಡುವೆ ಇಟ್ಟೆ. ತಿಂಗಳು ಮುಗಿಯುವವರೆಗೆ ಎಣಿಸಿ ನೋಡೋಣ, ಮರೆವು ಹೆಚ್ಚುತ್ತಿದ್ದರೆ ಹಾಕೋಣ ಎಂದು ನನಗೆ ನಾನೇ ಗಡುವು ಕೊಟ್ಟುಕೊಂಡೆ. ಇದೆಲ್ಲ ಅಪ್ಪನ ಬೆನ್ನ ಹಿಂದೆ.

ಹೊಸ ಪುಟದಲ್ಲಿ ನಾಲ್ಕು ಕಾಲಂ ಹಾಕಿದೆ. ದಿನ, ಊರು, ತಪ್ಪಿದ ಮಾತು, ಅದಕ್ಕೆ ಮೊದಲು ಮಾತಾಡಿದವರು ಯಾರು. ಹೊಸದುರ್ಗ ನಾಲ್ಕು. ಎರಡು ವಾರದ ಮೇಲೆ ಹಿರಿಯೂರು, ಆರು. ಅಂದು ನಾನು ಬರೆದುಕೊಂಡೇ ಕೂತಿದ್ದೆ, ನಾಟಕದ ಸುಖ ಒಂದಿಷ್ಟೂ ಸಿಗಲಿಲ್ಲ. ಅದರ ಮುಂದಿನ ಭಾನುವಾರ ಚಿತ್ರದುರ್ಗದಲ್ಲಿ ಮೂರು. ಒಟ್ಟು ಹದಿಮೂರು. ಮಾತು ಶುರುವಾದ ಮೇಲೆ ನಡುವೆ ಮರೆತದ್ದು ಎಷ್ಟು ಎಂದು ಬೇರೆ ಎಣಿಸಿದ್ದೆ. ಅಲ್ಲಿ ಸೊನ್ನೆ. ಇದು ನನಗೆ ವಿಚಿತ್ರ ಅನ್ನಿಸಿತು. ನಲವತ್ತು ಸಾಲು ನೆನಪಿರುವವರಿಗೆ ಮೊದಲನೆಯ ಸಾಲು ಹೇಗೆ ಮರೆಯುತ್ತದೆ?

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ನೋಟ್‌ಬುಕ್ ತೆಗೆದೆ. ನಾಲ್ಕನೆಯ ಕಾಲಂ ನೋಡಿದರೆ ಏನೂ ಹೊಳೆಯಲಿಲ್ಲ. ಮಂತ್ರಿ ಇದ್ದಾನೆ, ರಾಣಿ ಇದ್ದಾಳೆ, ದೂತ ಇದ್ದಾನೆ. ಅದೇ ಮಂತ್ರಿ ಬೇರೆ ದೃಶ್ಯದಲ್ಲಿ ಮಾತಾಡಿದಾಗ ಅಪ್ಪ ಥಟ್ಟನೆ ಉತ್ತರ ಕೊಟ್ಟಿದ್ದರು. ಹಾಗಾದರೆ ಅವನು ಎಲ್ಲಿ ನಿಂತಿದ್ದ? ಹಾಳೆಯ ಮೇಲೆ ರಂಗದ ಚೌಕ ಬರೆದು, ನಡುವೆ ಸಿಂಹಾಸನ ಇಟ್ಟು, ಹದಿಮೂರು ಸಲವೂ ಮಾತಾಡಿದವರು ನಿಂತ ಜಾಗಕ್ಕೆ ಒಂದೊಂದು ಗುರುತು ಹಾಕುತ್ತ ಹೋದೆ. ಹನ್ನೆರಡು ಗುರುತು ಸಿಂಹಾಸನದ ಒಂದೇ ಪಕ್ಕಕ್ಕೆ ಬಿದ್ದವು, ಅಪ್ಪನ ಬಲಗಡೆ. ಹದಿಮೂರನೆಯದು ಬೆನ್ನ ಹಿಂದೆ.

ಎದ್ದು ಹಿತ್ತಲಿಗೆ ಹೋದೆ. ಅಪ್ಪ ಕಲ್ಲಿನ ಮೇಲೆ ಕೂತು, ಗೋಡೆಗೆ ಸಿಕ್ಕಿಸಿದ ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಗಡ್ಡ ಮಾಡಿಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ನಾನು ಕಾಣದ ಹಾಗೆ ಬಲಗಡೆ ನಿಂತು ಮೆಲ್ಲಗೆ "ಪ್ರಭುಗಳೇ, ತೀರ್ಪು ತಮ್ಮದು" ಅಂದೆ. ಅಪ್ಪ ಕೆನ್ನೆಯ ಮೇಲಿನ ನೊರೆ ಎಳೆಯುತ್ತಲೇ ಇದ್ದರು. ಸದ್ದಿಲ್ಲದೆ ಅವರ ಹಿಂದಿನಿಂದ ಬಂದು ಎಡಗಡೆ ನಿಂತೆ. ಅಷ್ಟೇ ಮೆಲ್ಲಗೆ, ಅದನ್ನೇ ಅಂದೆ.

ಅಪ್ಪ ರೇಜರು ಎತ್ತಿ ಹಿಡಿದರು.

"ತೀರ್ಪು ನನ್ನದಲ್ಲ ಮಂತ್ರಿ, ಈ ಸಿಂಹಾಸನದ್ದು! ನಾನು ತಂದೆಯಾಗಿ ಇಳಿದು ಬಂದರೆ ಇದು ನನ್ನನ್ನು ರಾಜನಾಗಿ ಹಿಂದಕ್ಕೆ ಎಳೆಯುತ್ತದೆ..."

ನಲವತ್ತು ಸಾಲನ್ನೂ ಹೇಳಿದರು, ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

"ಯಾಕವ್ವಾ, ಅಷ್ಟು ಚೆನ್ನಾಗಿ ಬಂತಾ?" ಎಂದು ಅಪ್ಪ ಕೇಳಿದರು.

ಸೋಮವಾರ ಶಾಲೆಗೆ ರಜೆ ಹಾಕಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಾದವರು. ಅಪ್ಪನ ಬಲಗಿವಿಗೆ ಬೆಳಕು ಬಿಟ್ಟು ನೋಡಿ, ಬೆಚ್ಚಗಿನ ನೀರಿನ ಪಿಚಕಾರಿ ಬಿಟ್ಟರು, ಮತ್ತೆ ನೋಡಿದರು, ಆಮೇಲೆ ಸಣ್ಣ ಚಿಮಟ ತಗೊಂಡರು. ಅಪ್ಪ "ಅಯ್ಯಯ್ಯೋ" ಅನ್ನುವಷ್ಟರಲ್ಲಿ ಕಡಲೆಕಾಳಿನ ಗಾತ್ರದ ಕರಿ ಉಂಡೆಯೊಂದು ತಟ್ಟೆಗೆ ಬಿತ್ತು. ಡಾಕ್ಟರು ಅದನ್ನು ಬಿಡಿಸಿದರು. ಒಳಗೆ ಹತ್ತಿ ಇತ್ತು. ಅವರು ಮೂಗಿನ ಹತ್ತಿರ ಹಿಡಿದರು.

"ಏನ್ ಯಜಮಾನ್ರೇ, ಯಾರ ಮದುವೆಗೆ ಹಚ್ಕಂಡಿದ್ರಿ ಈ ಅತ್ತರು? ಇನ್ನೂ ಘಮ ಅಂತೈತೆ!"

ಅಪ್ಪನ ಮುಖ ಕೆಂಪಾಯಿತು. ಬೇಸಿಗೆಯಲ್ಲಿ ಒಂದು ನಾಟಕ ಮುಗಿದ ಮೇಲೆ ವಿಗ್ಗು ತೆಗೆದಾಗ ಹತ್ತಿ ಸಿಗಲಿಲ್ಲವಂತೆ, ಎಲ್ಲೋ ಬಿದ್ದಿರಬೇಕು ಅಂದುಕೊಂಡರಂತೆ. ಬಿಗಿ ವಿಗ್ಗು ಅದನ್ನು ಒಳಕ್ಕೆ ಒತ್ತಿತ್ತು. ಆಮೇಲಿನ ಪ್ರತಿ ನಾಟಕಕ್ಕೂ ಅಪ್ಪ ಹೊಸ ಹತ್ತಿ ಸಿಕ್ಕಿಸಿ, ಹಳೆಯದನ್ನು ಇನ್ನಷ್ಟು ಒಳಗೆ ತಳ್ಳಿದ್ದರು.

"ಹಂಗಾದ್ರೆ ಮರೆವಲ್ವಾ ಡಾಕ್ಟ್ರೇ?" ಎಂದೆ.

"ಎಲ್ಲಿಯ ಮರೆವಮ್ಮ? ಬಿರಡೆ ಹಾಕ್ಕಂಡಿದ್ರು, ತೆಗೆದೆ."

ಹೊರಗೆ ಬಂದಾಗ ಬಸ್ಸೊಂದು ಹಾರನ್ ಹೊಡೆಯಿತು. ಅಪ್ಪ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. "ಇಷ್ಟು ಗದ್ದಲ ಐತಾ ಈ ಊರಾಗೆ! ಬಾರವ್ವಾ, ದೋಸೆ ತಿನ್ನಾಣ" ಎಂದರು. ಹೋಟೆಲಿನಲ್ಲಿ ದೋಸೆ ಹೆಂಚಿನ ಮೇಲೆ ಚುಂಯ್ ಅನ್ನುವುದನ್ನು ಕಣ್ಣು ಮುಚ್ಚಿ ಕೇಳಿದರು. ನಾನು ಒಪ್ಪಿಗೆಯ ಪತ್ರವನ್ನು ಅಲ್ಲೇ ಬರೆದು ಅಂಚೆ ಡಬ್ಬಿಗೆ ಹಾಕಿದೆ. ಗಡುವಿಗೆ ಇನ್ನೂ ಆರು ದಿನ ಇತ್ತು. ಅವ್ವನಿಗೆ ಸುದ್ದಿ ಹೇಳಿದಾಗ ಅವಳು ಮೊದಲು ನಕ್ಕಳು, ಆಮೇಲೆ ಅತ್ತರಿನ ಶೀಷೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಶೂಟಿಂಗಿನ ಮೊದಲ ದಿನ ನಾನೂ ಮೇಷ್ಟ್ರೂ ಕೋಟೆಗೆ ಹೋಗಿದ್ದೆವು. ಅಪ್ಪ ಹೆಬ್ಬಾಗಿಲ ಹತ್ತಿರ ಈಟಿ ಹಿಡಿದು ನಿಂತಿದ್ದರು. ನಾಯಕ ಬಲಗಡೆಯಿಂದ ಬಂದು ಪಿಸುಮಾತಿನಲ್ಲಿ ಕೇಳಬೇಕು, ಅಪ್ಪ ಪಿಸುಮಾತಿನಲ್ಲೇ ಉತ್ತರ ಕೊಡಬೇಕು. ಬಲಗಡೆ ಎಂದು ಗೊತ್ತಾದಾಗ ನಾನು ಮೇಷ್ಟ್ರ ಪಂಚೆಯ ತುದಿ ಹಿಡಿದುಕೊಂಡೆನಂತೆ. ನಾಯಕ ಕೇಳಿದ. ಅವನ ಮಾತಿನ ಕೊನೆಯಕ್ಷರ ಮುಗಿಯುವುದಕ್ಕೂ ಅಪ್ಪನ ಕಣ್ಣು ಅವನ ಕಡೆ ತಿರುಗುವುದಕ್ಕೂ ಸರಿಹೋಯಿತು. ಉತ್ತರ ಎಷ್ಟು ಮೆತ್ತಗೆ ಬಂತೆಂದರೆ ನಮಗೆ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು.

"ಒಂದೇ ಸಲಕ್ಕೆ ಓಕೆ ಅಂತೆ ಕಣವ್ವ," ಎಂದರು ಮೇಷ್ಟ್ರು. "ಇನ್ನಾದ್ರೂ ನನ್ನ ಪಂಚೆ ಬಿಡ್ತೀಯ?"

ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಊಟಕ್ಕೆ ಕೂತೆವು. ಮೇಷ್ಟ್ರು ನೀರು ತರಲು ಹೋಗಿದ್ದರು. ನಾನು ಬುತ್ತಿ ಬಿಚ್ಚುತ್ತಿದ್ದಾಗ ಅಪ್ಪ ಚಟ್ನಿಪುಡಿ ಹುಡುಕುತ್ತ ನನ್ನ ಚೀಲಕ್ಕೆ ಕೈ ಹಾಕಿ ನೋಟ್‌ಬುಕ್ ತೆಗೆದರು. ನಾನು ತಡೆಯುವ ಮೊದಲೇ ಕೊನೆಯ ಪುಟಗಳಿಂದ ಹಳೆಯ ಕವರು ಜಾರಿ ಮಡಿಲಿಗೆ ಬಿತ್ತು. ಆರೋಗ್ಯ ಸರಿಯಿಲ್ಲ, ಕ್ಷಮಿಸಬೇಕು ಎಂದಿದ್ದ ಆ ಪತ್ರವನ್ನು ಅಪ್ಪ ಪೂರ್ತಿ ಓದಿದರು. ಆಮೇಲೆ ಪುಟ ತಿರುವಿ ಹದಿಮೂರು ಸಾಲನ್ನೂ ಬೆರಳಿಟ್ಟು ಓದಿದರು. ನಾನು ರೊಟ್ಟಿ ಹಿಡಿದುಕೊಂಡು ಕೂತೇ ಇದ್ದೆ.

"ತಪ್ಪಾತು ಅಪ್ಪಾಜಿ."

"ನನಗೂ ಅಣ್ಣನ ಥರ ಆಯ್ತು ಅಂದ್ಕಂಡೇ ನಾನೂ ಓಡಾಡ್ತಿದ್ದೆ," ಎಂದರು ಅಪ್ಪ. "ದಿನಾ ಬೆಳಿಗ್ಗೆ ಎದ್ದು ನಿಮ್ಮವ್ವನ ಹೆಸರು, ನಿನ್ನ ಹೆಸರು ಒಂದ್ಸಲ ಹೇಳ್ಕಂತಿದ್ದೆ. ಯಾರಿಗೆ ಹೇಳ್ಲಿ?"

ಅಪ್ಪ ಮತ್ತೆ ನೋಟ್‌ಬುಕ್ಕಿಗೆ ಬಗ್ಗಿದರು. ಬೆರಳು ಹಿರಿಯೂರಿನ ಸಾಲುಗಳ ಮೇಲೆ ನಿಂತಿತು. ಹುಬ್ಬು ಗಂಟಿಕ್ಕಿದರು.

"ಇಲ್ಲಿ ಆರು ಅಂತ ಬರ್ದೀಯ."

"ಹೌದು, ಆರೇ. ನಾನೇ ಎಣಿಸಿದ್ದು."

"ಏಳು. ಎರಡನೇ ಅಂಕದಾಗೆ, ದೂತ ಬಂದು ಗಡಿ ಸುದ್ದಿ ಹೇಳ್ದ ನೋಡು? ನನಗೆ ಕೇಳಿಸ್ಲೇ ಇಲ್ಲ. ಅವನು ಸುಮ್ಮನಾಗಿದ್ದು ನೋಡಿ, ಎದ್ದು ಎರಡು ಸುತ್ತು ಹಾಕಿ, ಮೀಸೆ ತಿರುವಿ, ನಂದೇ ನಾಲ್ಕು ಮಾತು ಸೇರಿಸಿ ಮುಚ್ಚಿಬಿಟ್ಟೆ. ಜನ ಚಪ್ಪಾಳೆ ಹೊಡೆದ್ರು. ನೀನೂ ಹೊಡೆದೆ."

ನನಗೆ ನೆನಪಾಯಿತು. ನಾನು ನಿಜವಾಗಿಯೂ ಪೆನ್ನು ಕೆಳಗಿಟ್ಟು ಚಪ್ಪಾಳೆ ಹೊಡೆದಿದ್ದೆ.

"ಯಾವ ಕಡೆ ನಿಂತಿದ್ದ ದೂತ?" ಎಂದು ಕೇಳಿದೆ.

"ಬಲಗಡೆ. ಬರ್ಕ."

ಎಡಗೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಆರನ್ನು ಹೊಡೆದು ಏಳು ಮಾಡಿದೆ, ಹದಿಮೂರನ್ನು ಹದಿನಾಲ್ಕು ಮಾಡಿದೆ. ಅಪ್ಪ ಪತ್ರವನ್ನು ನಾಲ್ಕಾಗಿ ಮಡಚಿ ಚಟ್ನಿಪುಡಿಗೆ ತಟ್ಟೆ ಮಾಡಿಕೊಂಡರು.