ಕಡಲಿಗೆ ಬೆನ್ನು

ಹಲಗೂರಿನಲ್ಲಿ ಕುಳಿತು ಸ್ವಂತ ಓದಿನಿಂದ ಇಂಗ್ಲಿಷ್ ಕಲಿತವನು ನಾನು. ಯಾರು ಏನೇ ಹೇಳಲಿ, ಪರೀಕ್ಷಿಸದೆ ಒಪ್ಪಿದವನಲ್ಲ. ಹತ್ತಿರದ ಮುತ್ತತ್ತಿಯ ಹೊಳೆಮಡುವಿನಲ್ಲಿ ದೇವಿಯ ಮೂಗುತಿ ಬಿದ್ದಿತ್ತೆಂದು ಊರೇ ನಂಬಿದ್ದರೂ, ಆ ಮಡು ಕಾವೇರಿ ಕೊರೆದ ಬರೀ ಬಂಡೆಗುಳಿ ಎಂದೇ ವಾದಿಸುತ್ತ ಬಂದೆ.

ಹೋದ ವರ್ಷ ಹೆಂಡತಿಯೂ ನಾನೂ ಪ್ರವಾಸಿ ತಂಡವೊಂದರ ಜೊತೆ ಐಸ್‌ಲ್ಯಾಂಡಿಗೆ ಹೋದೆವು. ಅಲ್ಲಿನ ಒಂದು ಕಡಲತೀರದಲ್ಲಿ ಮರಳು ಇದ್ದಿಲಿನಷ್ಟು ಕಪ್ಪು. ಕಣ್ಣಳತೆಯಲ್ಲಿ ಒಂದು ಮನೆಯಿಲ್ಲ. ನೀರಿನ ನಡುವೆ ಮೂರು ಕಲ್ಲುಗಳು ಗೋಪುರದೆತ್ತರಕ್ಕೆ ನಿಂತಿದ್ದವು. ಹಡಗನ್ನು ಎಳೆಯುತ್ತಿದ್ದ ರಾಕ್ಷಸರು ಬೆಳಗಾದೊಡನೆ ಕಲ್ಲಾದರೆಂದು ನಮ್ಮ ಮಾರ್ಗದರ್ಶಿ ಹುಡುಗಿ ಹೇಳಿದಳು. ಆಮೇಲೆ ದನಿ ಎತ್ತರಿಸಿ, ಕಡಲಿಗೆ ಬೆನ್ನು ತೋರಬೇಡಿ, ಯಾವುದೋ ಒಂದು ಅಲೆ ಸುಳಿವಿಲ್ಲದೆ ಮೇಲೇರಿಬರುತ್ತದೆ ಎಂದಳು. ಹೆಂಡತಿಗೆ ಇಂಗ್ಲಿಷ್ ಬಾರದು. ರಾಕ್ಷಸರ ಕಥೆಯನ್ನು ನಗುತ್ತ ತಿಳಿಸಿದೆ.

"ಆಮೇಕೆ ಕೈ ಆಡಿಸ್ಕಂಡು ಏನೋ ಅಂದ್ಲಲ್ಲ, ಅದೇನು?"

"ಅದೂ ಅಂಥದೇ ಕತೆ ಕಣೆ, ಬುಡು."

ಅವಳು ಊರಿನಿಂದ ತಂದಿದ್ದ ಅರಿಸಿನ-ಕುಂಕುಮದ ಪೊಟ್ಟಣ ತೆಗೆದಳು. "ಯಾವೂರ ನೀರಾದ್ರೇನು, ಗಂಗಮ್ಮ ಗಂಗಮ್ಮನೇಯ. ಕೊಟ್ಟು ಬತ್ತೀನಿ."

"ಉಪ್ಪುನೀರಿಗೆ ಅರಿಸಿನ ಆಕಿ ಉಪ್ಪಿನಕಾಯಿ ಮಾಡ್ತೀಯಾ? ಓಗು, ನಾನ್ ನೋಡ್ಕತೀನಿ."

ನಾನೇನೂ ಅಜಾಗರೂಕನಾಗಿರಲಿಲ್ಲ. ಹೊಳೆಯ ದಡದಲ್ಲಿ ಮಾಡುವಂತೆ, ನೀರು ಎಲ್ಲಿಯವರೆಗೆ ಬರುತ್ತದೆಂದು ದಡದ ಉರುಟುಗಲ್ಲುಗಳ ಒದ್ದೆಗೆರೆಯನ್ನು ಗಮನಿಸಿದ್ದೆ. ಅವಳು ನಿಂತದ್ದು ಅದರಿಂದ ಮೇಲೆ, ಒಣಗಲ್ಲಿನ ಮೇಲೆ. ಅವಳು ಅಲ್ಲಿಂದಲೇ ಅರಿಸಿನ ಎರಚಿ, ಕೈಮುಗಿದು, ನಿಂತಲ್ಲೇ ಒಂದು ಸುತ್ತು ಬರತೊಡಗಿದಳು. ಮುತ್ತತ್ತಿಯಲ್ಲಿ ಎಲ್ಲ ಹೆಂಗಸರೂ ಹಾಗೆಯೇ ಮಾಡುತ್ತಾರೆ. ಅರ್ಧ ಸುತ್ತಿಗೆ ಅವಳ ಬೆನ್ನು ಕಡಲಿಗಾಯಿತು.

ಅಲೆಯ ಸದ್ದು ಕೇಳಿ ನಾನು ತಿರುಗಿದಾಗ ಅವಳು ಆಗಲೇ ಬಿದ್ದಿದ್ದಳು. ಹಿಂದೆ ಸರಿಯುವ ನೀರು ಮೊರದಿಂದ ರಾಗಿ ಜಾರಿಸುವಂತೆ ಕಲ್ಲುಗಳೊಂದಿಗೆ ಅವಳನ್ನೂ ಜಾರಿಸುತ್ತಿತ್ತು. ಮೊದಲು ಅವಳ ತೋಳು ಹಿಡಿದದ್ದು ಆ ಹುಡುಗಿ. ನನ್ನ ಕೈಗೆ ಸಿಕ್ಕಿದ್ದು ಕೋಟಿನ ಅಂಚು. ಇಬ್ಬರೂ ಎಳೆದೆವು. ಒಂದು ಶೂ ಹೋಯಿತು.

ಬಸ್ಸಿನಲ್ಲಿ ಕಂಬಳಿ ಹೊದ್ದು ನಡುಗುತ್ತ ಕೇಳಿದಳು: "ಆ ಉಡುಗಿ ಏನಂದಿದ್ಲು? ನಿಜ ಏಳಿ."

ಹೇಳಿದೆ.

"ನೋಡ್ಕತೀನಿ ಅಂದ್ರಲ್ಲ, ಏನ್ ನೋಡ್ತಿದ್ರಿ?"

ದಡದ ಬಂಡೆಗೋಡೆಯ ಕಲ್ಲುಕಂಬಗಳನ್ನು ನೋಡುತ್ತಿದ್ದೆ. ಲಾವಾ ತಣಿಯುವಾಗ ಆರು ಮೂಲೆಯಾಗಿ ಸೀಳುತ್ತದೆಂದು ಓದಿದ್ದೆ. ನಿಜವೇ ಎಂದು ಮೂಲೆಗಳನ್ನು ಎಣಿಸುತ್ತಿದ್ದೆ.

ಈಗ ಮುತ್ತತ್ತಿಯಲ್ಲಿ ಅವಳು ಸುತ್ತು ಬರುವುದಿಲ್ಲ. ಹೊಳೆಗೆ ಮುಖ ಮಾಡಿಯೇ ಒಂದೊಂದು ಹೆಜ್ಜೆ ಹಿಂದಿಡುತ್ತಾಳೆ. ನಾನು ಹಿಂದೆಯೇ ನಿಂತಿರುತ್ತೇನೆ. ನೋಡ್ಕಳಿ ಎಂದು ನನಗೆ ಹೇಳುವುದಿಲ್ಲ.