ಗುಂಡಿ ಬಿಚ್ಚದ ಒರೆ

ಅರಿಜೋನಾದ ಕಾಟನ್‌ಟೇಲ್ ವೆಲ್ಸ್ ಎಂಬ ಊರಿನಲ್ಲಿ ಯಾರ ಬಟ್ಟೆಯೊಳಗೆ ಏನಿದೆ ಎಂಬುದು ದೇವರನ್ನು ಬಿಟ್ಟರೆ ನೆಲ್ಡಾ ಪ್ರುಯಿಟ್ ಒಬ್ಬಳಿಗೇ ಗೊತ್ತು. ಮೂವತ್ತೆಂಟು ವರ್ಷದಿಂದ ಊರಿನ ಪಿಸ್ತೂಲುಗಳಿಗೆಲ್ಲ ಚರ್ಮದ ಒರೆ ಹೊಲಿದುಕೊಟ್ಟವಳು ಅವಳೇ. ಪಾದ್ರಿಯ ಕಣಕಾಲಿನಲ್ಲೊಂದು, ಶಾಲೆಯಿಂದ ನಿವೃತ್ತರಾದ ಟ್ರಾಟರ್ ಮೇಡಂ ಕೈಚೀಲದಲ್ಲೊಂದು, ತಿಂಡಿ ಅಂಗಡಿಯ ಒಫೀಲಿಯಾಳ ಏಪ್ರನ್ ಜೇಬಿನಲ್ಲೊಂದು. ಒಬ್ಬರ ಗುಟ್ಟನ್ನು ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ.

ಅವಳ ತಮ್ಮ ಡೋಯ್ಲ್‌ಗೆ ಮಾತ್ರ ಮುಚ್ಚಿಟ್ಟುಕೊಳ್ಳುವುದು ಎಂದರೆ ಅಲರ್ಜಿ. ದನ ಮೇಯಿಸುವ ಗಂಡಸು, ಪಿಸ್ತೂಲನ್ನು ಎಲ್ಲರಿಗೂ ಕಾಣುವ ಹಾಗೆ ಸೊಂಟದ ಮೇಲೇ ಕಟ್ಟಿಕೊಂಡು ತಿರುಗುತ್ತಿದ್ದ.

"ಅಂಗಿ ಒಳಗೆ ಬಚ್ಚಿಟ್ಕೊಳ್ಳೋಕೆ ನಾನೇನು ಕಳ್ಳನಾ ಅಕ್ಕ? ನೋಡಿದೋನು ದೂರ ನಿಂತು ಮಾತಾಡ್ಲಿ."

"ನೋಡಿದೋನು ಕಿತ್ಕೊಂಡ್ರೆ?" ಎಂದು ನೆಲ್ಡಾ ಒರೆಯ ಬಾಯಿಗೆ ಅಡ್ಡಲಾಗಿ ಅಗಲವಾದ ಪಟ್ಟಿ ಹೊಲಿದು ಗುಂಡಿ ಹಾಕಿದ್ದಳು. "ಇದನ್ನ ಬಿಚ್ಚದೆ ಪಿಸ್ತೂಲು ಆಚೆ ಬರಲ್ಲ. ಯಾವಾಗ್ಲೂ ಹಾಕಿರ್ಬೇಕು. ನನ್ನ ಮೇಲಾಣೆ."

ಆಣೆ ಹಾಕಿದ ಮೇಲೆ ಡೋಯ್ಲ್ ಗುಂಡಿ ಬಿಚ್ಚಿ ಓಡಾಡಿದ್ದನ್ನು ಯಾರೂ ಕಂಡಿಲ್ಲ.

ಅಂಥವನನ್ನು ಪಕ್ಕದ ಹುಲ್ಲುಗಾವಲಿನ ಲ್ಯಾಂಡನ್ ಹ್ಯಾಸ್ಕೆಟ್ ಕೊಂದ. ನೀರಿನ ತೊಟ್ಟಿಯ ಹತ್ತಿರ, ದನದ ಬೇಲಿಯ ಗೇಟು ಮುಚ್ಚುವ ಬಿಡುವ ಜಗಳದಲ್ಲಿ. ನೋಡಿದವರು ಯಾರೂ ಇಲ್ಲ. ಹ್ಯಾಸ್ಕೆಟ್‌ನದು ಅಂಗಿಯಡಿ ಬೆನ್ನಿಗೆ ಸಿಕ್ಕಿಸಿಕೊಳ್ಳುವ ಪಿಸ್ತೂಲು. ಆ ಒರೆಯನ್ನು ಹೊಲಿದದ್ದೂ ನೆಲ್ಡಾಳ ಕೈಯೇ. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಬೆರಳುಗಳನ್ನೇ ಕಂಡರೆ ಆಗುತ್ತಿರಲಿಲ್ಲ.

"ಅವನು ಪಿಸ್ತೂಲಿಗೆ ಕೈ ಹಾಕಿದ. ನಾನೇನು ಸಾಯ್ಲಾ?" ಎಂದ ಹ್ಯಾಸ್ಕೆಟ್. ಮೊದಲು ಅಲ್ಲಿಗೆ ಬಂದವನು ಊರಿನ ಪೊಲೀಸು, ಡೆಪ್ಯೂಟಿ ಗಿಲ್ ಅರ್ವಿಸೊ. ಬಂದವನೇ ಅಭ್ಯಾಸಬಲದಿಂದ ಡೋಯ್ಲ್‌ನ ಪಿಸ್ತೂಲನ್ನು ಒರೆಯಿಂದ ತೆಗೆದು ಗುಂಡು ಖಾಲಿ ಮಾಡಿಟ್ಟ. ಪಟ್ಟಿ ಹಾಕಿತ್ತೋ ಬಿಚ್ಚಿತ್ತೋ ಎಂದು ಆಮೇಲೆ ಕೇಳಿದರೆ ಅವನಿಗೆ ನೆನಪೇ ಇಲ್ಲ! ಸರ್ಕಾರಿ ವಕೀಲ ಆತ್ಮರಕ್ಷಣೆ ಎಂದು ಬರೆದು ಫೈಲು ಮುಚ್ಚಿ ಕೈ ತೊಳೆದುಕೊಂಡ.

ವರ್ಷದ ಮೇಲೆ ಡೋಯ್ಲ್‌ನ ಒರೆ ಪೊಲೀಸರ ಕಾಗದದ ಚೀಲದಲ್ಲಿ ಮನೆಗೆ ಬಂತು. ರಕ್ತ ಒಣಗಿ ಚರ್ಮ ಕಪ್ಪಾಗಿತ್ತು. ನೆಲ್ಡಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಟ್ಟಿಯನ್ನು ಎತ್ತಿ ನೋಡಿದಳು. ಪಟ್ಟಿಯ ಹೊರಮೈಯೆಲ್ಲ ಕಲೆ. ಅದರ ಅಡಿಯಲ್ಲಿ, ಪಟ್ಟಿಯಷ್ಟೇ ಅಗಲಕ್ಕೆ, ತಾನು ಹದ ಮಾಡಿದ ಜೇನು ಬಣ್ಣದ ಚರ್ಮ ಹಾಗೇ ಇತ್ತು. ರಕ್ತ ಹರಿಯುವಾಗ ಗುಂಡಿ ಹಾಕಿತ್ತು. ಅಂದರೆ ತಮ್ಮ ಪಿಸ್ತೂಲು ಮುಟ್ಟಿಯೇ ಇರಲಿಲ್ಲ.

ಓಡಿಹೋಗಿ ಗಿಲ್‌ನ ಮೇಜಿನ ಮೇಲಿಟ್ಟಳು. ಅವನು ಬಗ್ಗಿ ನೋಡಲೂ ಇಲ್ಲ.

"ಕಲೆ ಅಂದ್ರೆ ಕಲೆ ನೆಲ್ಡಕ್ಕ. ಮುಗಿದ ಕೇಸು. ಮನೆಗೆ ಹೋಗಿ."

ಮನೆಗೇ ಹೋಗುತ್ತಿದ್ದಳೇನೋ. ದಾರಿಯಲ್ಲಿ ಕಾಫಿಗೆಂದು ಒಫೀಲಿಯಾಳ ಅಂಗಡಿಗೆ ಕಾಲಿಟ್ಟರೆ ಒಳಗೆ ಹ್ಯಾಸ್ಕೆಟ್ ಪ್ರವಚನ ಕೊಡುತ್ತಿದ್ದಾನೆ. "ತೋರಿಸ್ಕೊಂಡು ಓಡಾಡೋನು ಮೊದ್ಲು ಸಾಯ್ತಾನೆ ಕಣ್ರೋ. ಮುಚ್ಚಿಟ್ಕೊಂಡೋನು ಕೂತು ತಿಂಡಿ ತಿಂತಾನೆ." ಇಬ್ಬರು ಮೂವರು ನಕ್ಕರು. ನೆಲ್ಡಾ ಬಾಗಿಲಲ್ಲೇ ನಿಂತಳು. ತಿನ್ನು ಮಗನೇ, ತಿನ್ನು, ನಿನ್ನ ತಟ್ಟೆಯ ಮುಂದೆಯೇ ನಿನ್ನನ್ನು ಕೆಡವದಿದ್ದರೆ ನಾನು ಡೋಯ್ಲ್‌ನ ಅಕ್ಕನೇ ಅಲ್ಲ ಎಂದುಕೊಂಡಳು.

ಕೊಲ್ಲುವುದು ಅವಳಿಗೇನು ಕಷ್ಟವಿರಲಿಲ್ಲ. ಆದರೆ ಸತ್ತರೆ ಅವನ ಸುಳ್ಳೂ ಅವನ ಜೊತೆ ಮಣ್ಣಾಗುತ್ತದೆ, ಡೋಯ್ಲ್ ಮೊದಲು ಕೈ ಹಾಕಿದವನಾಗಿಯೇ ಉಳಿಯುತ್ತಾನೆ. ಅದಾಗಕೂಡದು.

ಒರೆ ಮಾಡುವವರ ಬಳಿ ಪಿಸ್ತೂಲಿನದೇ ಆಕಾರದ ಅಚ್ಚುಗಳಿರುತ್ತವೆ, ನೀಲಿ ಪ್ಲಾಸ್ಟಿಕ್ಕಿನವು. ನೆನೆಸಿದ ಚರ್ಮವನ್ನು ಅವುಗಳ ಮೇಲೆ ಒತ್ತಿ ಒಣಗಿಸುತ್ತಾರೆ. ಡೋಯ್ಲ್‌ನ ಪಿಸ್ತೂಲಿನ ಅಚ್ಚಿಗೆ ನೆಲ್ಡಾ ಚರ್ಮದ ಕಪ್ಪು ಬಣ್ಣ ಬಳಿದಳು. ರಕ್ತದ ಕಲೆಯ ಆ ಒರೆಯೊಳಗೆ ಅದನ್ನು ಇಳಿಸಿ, ಗುಂಡಿ ಹಾಕಿ, ಸೊಂಟದ ಮೇಲೆ ಕಟ್ಟಿಕೊಂಡಳು. ಮಾರನೆಯ ಬೆಳಗ್ಗೆ ಒಫೀಲಿಯಾಳ ಅಂಗಡಿಯಲ್ಲಿ ಹ್ಯಾಸ್ಕೆಟ್‌ನ ಎದುರು ಮೇಜಿನಲ್ಲಿ, ಒರೆ ಅವನ ಕಡೆಗಿರುವಂತೆ ಕೂತು, ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ಅವನ ಮುಖವನ್ನೇ ನೋಡಿದಳು. ಮಾತಿಲ್ಲ ಕತೆಯಿಲ್ಲ. ಮಾರನೆಯ ದಿನವೂ ಅಷ್ಟೇ. ಹನ್ನೊಂದು ವಾರ!

ಹ್ಯಾಸ್ಕೆಟ್ ದೂರು ಕೊಟ್ಟ. ಗಿಲ್ ತಲೆ ಕೆರೆದುಕೊಂಡ. "ಸೊಂಟದ ಮೇಲೆ ಕಟ್ಕೊಳ್ಳೋದು ತಪ್ಪಲ್ಲಪ್ಪ. ಅವಳ ಕೈ ಯಾವಾಗ್ಲೂ ಲೋಟದ ಮೇಲೇ ಇರುತ್ತೆ. ಕಾಫಿ ಕುಡಿಯೋಳನ್ನ ಒಳಗೆ ಹಾಕ್ಲಾ?"

"ನೀನು ಬೇರೆ ಕಡೆ ತಿಂಡಿ ತಿನ್ನು" ಎಂದಳು ಒಫೀಲಿಯಾ. ಹ್ಯಾಸ್ಕೆಟ್ ಹೋಗಲಿಲ್ಲ. ಹೋದರೆ ಹೆದರಿದ ಎನ್ನುತ್ತಾರಲ್ಲ! ಆದರೆ ಬನ್ನಿನಂಥ ಬಿಸ್ಕೆಟ್ ಮೇಲೆ ಸುರಿದ ಗ್ರೇವಿ, ಆ ಗಟ್ಟಿ ಸಾರು, ತಟ್ಟೆಯಲ್ಲೇ ಹೆಪ್ಪುಗಟ್ಟತೊಡಗಿತು. ಕಣ್ಣಿನ ಕೆಳಗೆ ಕಪ್ಪಾಯಿತು. ನೆಲ್ಡಾ ಅದನ್ನೆಲ್ಲ ನೋಡಿ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಪ್ರತಿ ಗುರುವಾರ ಬೆಳಗ್ಗೆ ಏಳು ಗಂಟೆಗೆ ಗಿಲ್ ಅಲ್ಲಿ ತಿಂಡಿಗೆ ಬರುತ್ತಾನೆ. ಪಾದ್ರಿಯೂ ಟ್ರಾಟರ್ ಮೇಡಂ ಕೂಡ ಬರುತ್ತಾರೆ. ಎಷ್ಟೋ ದಿನ ಲೆಕ್ಕ ಹಾಕಿ ಅವಳು ಆರಿಸಿಕೊಂಡ ದಿನ ಅದು. ಗುಂಡು ತನಗೇ ಬೀಳಬಹುದು ಎಂಬುದು ಅವಳಿಗೆ ಗೊತ್ತಿತ್ತು. ಬಿದ್ದರೆ ಬೀಳಲಿ, ಈ ಸಲ ನೋಡುವ ಕಣ್ಣುಗಳಾದರೂ ಇರುತ್ತವೆ.

ಹನ್ನೊಂದು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. ಕೈಯೆರಡೂ ಲೋಟದ ಮೇಲೇ ಇದ್ದವು.

"ಡೋಯ್ಲ್ ಗುಂಡಿ ಬಿಚ್ಚಿರ್ಲಿಲ್ಲ ಲ್ಯಾಂಡನ್. ನನಗೂ ಗೊತ್ತು, ನಿನಗೂ ಗೊತ್ತು. ನಿಂತಿದ್ದೋನನ್ನ ಸುಮ್ಸುಮ್ನೆ ಕೊಂದೆ. ಹೇಡಿ ಕಣೋ ನೀನು."

ಹ್ಯಾಸ್ಕೆಟ್ ಕುರ್ಚಿ ಉರುಳಿಸಿಕೊಂಡು ಎದ್ದ. ಎಡಗೈ ಅಂಗಿ ಎತ್ತಿತು, ಬಲಗೈ ಬೆನ್ನಿನಿಂದ ಪಿಸ್ತೂಲು ಎಳೆದು ಅವಳ ಎದೆಗೆ ಗುರಿಯಿಟ್ಟಿತು. "ಕೈ ಹಾಕಿದ್ಲು! ಎಲ್ಲರೂ ನೋಡಿದ್ರಲ್ಲ, ಪಿಸ್ತೂಲಿಗೆ ಕೈ ಹಾಕಿದ್ಲು!"

ನೆಲ್ಡಾ ಲೋಟ ಬಿಡಲಿಲ್ಲ. ಒಂದು ಗುಟುಕು ಕುಡಿದಳು.

"ಕೆಳಗಿಡು" ಎಂದಳು ಒಫೀಲಿಯಾ. ಏಪ್ರನ್ ಜೇಬಿನದು ಅವನ ಕಿವಿಗೆ ತಾಗಿತ್ತು. ಪಾದ್ರಿ ಕಣಕಾಲಿನದನ್ನು ತೆಗೆದಿದ್ದ. ಟ್ರಾಟರ್ ಮೇಡಂ ತೊಡೆಯ ಮೇಲಿದ್ದ ಕೈಚೀಲ ಬಾಯಿ ತೆರೆದಿತ್ತು. "ಕೂತ್ಕೊ ಲ್ಯಾಂಡನ್" ಎಂದರು ಆಕೆ, ಮೂರನೆಯ ತರಗತಿಯಲ್ಲಿ ಅವನಿಗೆ ಹೇಳುತ್ತಿದ್ದ ದನಿಯಲ್ಲೇ. ಮುಚ್ಚಿಟ್ಟುಕೊಂಡವನು ತಾನೊಬ್ಬನೇ ಎಂದುಕೊಂಡಿದ್ದನೋ ಏನೋ! ಪಿಸ್ತೂಲನ್ನು ಗ್ರೇವಿಯ ತಟ್ಟೆಯೊಳಗೇ ಇಟ್ಟ. ಗಿಲ್ ಬಾಯಿಯ ತುತ್ತು ನುಂಗಲೂ ಆಗದೆ ಬಂದು ಅವನಿಗೆ ಕೈಕೋಳ ಹಾಕಿದ.

"ನೆಲ್ಡಕ್ಕ, ನಿಮ್ಮದನ್ನೂ ಕೊಡಿ."

ಅವಳು ಎದ್ದು ನಿಂತು ಎರಡೂ ಕೈ ಮೇಲೆತ್ತಿದಳು. "ನೀನೇ ತೆಗಿ. ಅವತ್ತೂ ನೀನೇ ತೆಗ್ದಿದ್ದಲ್ವಾ? ಈ ಸಲ ನೋಡ್ಕೊಂಡು ತೆಗಿ."

ಗಿಲ್ ಬಗ್ಗಿದ. ಗುಂಡಿ ಹಾಕಿತ್ತು, ಅದು ಹಾಕಿರುವುದನ್ನು ಅಂಗಡಿಯವರೆಲ್ಲ ನೋಡಿದರು. ಬಿಚ್ಚಿ ಎಳೆದರೆ ಕೈಗೆ ಬಂದದ್ದು ಹಗುರವಾದ ಪ್ಲಾಸ್ಟಿಕ್ಕು. ಒಫೀಲಿಯಾ "ಅಯ್ಯೋ ನಿನ್ನ!" ಎಂದು ಬಾಯಿ ಮುಚ್ಚಿಕೊಂಡಳು. ಗಿಲ್ ಮಾತ್ರ ಅದನ್ನು ನೋಡುತ್ತಿರಲಿಲ್ಲ. ಎತ್ತಿದ ಪಟ್ಟಿಯ ಅಡಿಯಲ್ಲಿ, ಕಪ್ಪು ರಕ್ತದ ನಡುವೆ, ಎರಡು ಬೆರಳಗಲ ಶುಭ್ರವಾಗಿದ್ದ ಚರ್ಮವನ್ನು ನೋಡುತ್ತಿದ್ದ.

"ಹಾಕಿತ್ತು" ಎಂದ. "ಅವತ್ತು ನಾನೇ ಬಿಚ್ಚಿದ್ದು."

"ಬರ್ಕೋ" ಎಂದಳು ನೆಲ್ಡಾ. "ಇವನ ಎದುರಿಗೇ ಬರಿ. ನಾನು ತಿಂಡಿ ತಿಂತೀನಿ."

ಹನ್ನೊಂದು ವಾರ ಬರೀ ಕಾಫಿ ಕುಡಿದವಳು ಅಂದು ಬಿಸ್ಕೆಟ್ ಗ್ರೇವಿ ಹೇಳಿ, ಹ್ಯಾಸ್ಕೆಟ್ ಕೋಳ ತೊಟ್ಟು ನೋಡುತ್ತಿದ್ದಂತೆಯೇ, ತಟ್ಟೆ ಖಾಲಿಯಾಗುವವರೆಗೂ ನಿಧಾನವಾಗಿ ತಿಂದಳು.